ಗೀರಿನ ತನಕ

ಒಂದು ಲೋಟ ಹಿಟ್ಟು ಅಂದರೆ ಎಷ್ಟು, ತ್ಸಿಯುರಿ ಚಿಕ್ಕಮ್ಮ?
ಒಂದು ಲೋಟ.
ಅಲ್ಲ, ಗ್ರಾಂ ಲೆಕ್ಕದಲ್ಲಿ.
ಲೋಟ ಇಲ್ಲೇ ಇದೆಯಲ್ಲ ಬದ್ರಿ, ಕಣ್ಣಿಲ್ಲವೇ ನಿನಗೆ?

ಕುತಾಯಿಸಿಯ ಶಾಲೆಯೊಂದರ ಅಡುಗೆಮನೆ. ಮಾರ್ಚ್.
ಕಿಟಕಿಯ ಗಾಜಿಗೆಲ್ಲ ಹುರುಳಿಕಾಯಿ ಬೇಯುವ ಹಬೆ.
ಶುಕ್ರವಾರಕ್ಕೆ ಆಕೆ ನಿವೃತ್ತಿ, ಸೋಮವಾರದಿಂದ ನಾನು.
ಮೇಲಿನವರ ಆದೇಶ ಬಂದಿದೆ:
ತಿನಿಸಿಗೊಂದು ಕಾರ್ಡು, ಕಾರ್ಡಿನ ತುಂಬ ಗ್ರಾಂ.
ಲೋಟ, ಹಿಡಿ, ಚಿಟಿಕೆ ಇನ್ನು ಮುಂದೆ ನಡೆಯುವುದಿಲ್ಲ.

ನನ್ನ ತಕ್ಕಡಿ ಹಪ್ಪಳದಷ್ಟು ತೆಳ್ಳಗೆ,
ಉಸಿರು ಬಿಟ್ಟರೂ ಅಂಕಿ ಕದಲುತ್ತದೆ.
ಆಕೆಯದು ಹದಿನಾರು ಮುಖದ ದಪ್ಪ ಗಾಜಿನ ಲೋಟ,
ರೈಲ್ವೆ ಕ್ಯಾಂಟೀನಿನಿಂದ ಎಂದೋ
ತಾನಾಗಿಯೇ ಕೈಚೀಲಕ್ಕೆ ಬಂದು ಬಿದ್ದದ್ದಂತೆ.
ಬಾಯಿಯ ಕೆಳಗೆ ಸುತ್ತಲೂ ಒಂದು ಗೀರು.
ಹಿಟ್ಟು ಗೀರಿನ ತನಕ.
ಸಕ್ಕರೆ ಗೀರು ಮುಳುಗುವ ತನಕ.
ಜೇನಿಗೂ ಗೀರೇ, ಆದರೆ ಅವಸರ ಮಾಡಬೇಡ.

ಬರೆದುಕೊಂಡೆ.
ಸಕ್ಕರೆ ನೂರ ಎಂಬತ್ತು.
ಅಕ್ರೋಟು ನುಣ್ಣಗಾದರೆ ನೂರು, ತರಿತರಿಯಾದರೆ ತೊಂಬತ್ತು.
ಮೊಸರು ಇನ್ನೂರ ಆರು.
ಜೇನು ಇನ್ನೂರ ಎಂಬತ್ತಮೂರು!
ಅದೇ ಲೋಟ, ಅದೇ ಗೀರು, ಇಷ್ಟು ಭಾರ ಹೇಗೆ ಎಂದರೆ
"ಅಷ್ಟು ದೂರದಿಂದ ಹೊತ್ತು ತಂದದ್ದಲ್ಲವೇ" ಎಂದಳು,
ತಿರುಗಿಯೂ ನೋಡದೆ.

ಹಿಟ್ಟು ಮಾತ್ರ ಒಂದು ಮಾತಿಗೆ ನಿಲ್ಲಲಿಲ್ಲ.
ಒಮ್ಮೆ ನೂರ ಹತ್ತು, ಒಮ್ಮೆ ನೂರ ಮೂವತ್ತಮೂರು.
ಜರಡಿ ಹಿಡಿದರೆ ನೂರ ನಾಲ್ಕು.
ತಕ್ಕಡಿ ಕೆಟ್ಟಿರಬೇಕೆಂದು ನೀರಿಟ್ಟು ನೋಡಿದೆ,
ಇನ್ನೂರಕ್ಕೆ ಇನ್ನೂರು. ಪಾಪ, ಅದರ ತಪ್ಪಲ್ಲ.

ಆಮೇಲೆ ಅವಳ ಕೈ ನೋಡಿದೆ.
ಜೇನಿನ ಕೇಕಿಗೆ ತಟ್ಟೆಯೊಂದಕ್ಕೆ ಹನ್ನೆರಡು ಲೋಟ.
ಹನ್ನೊಂದನ್ನು ಹಾಗೇ ಮೊಗೆದು, ತಲೆ ಸವರಿ, ಸುರಿಯುತ್ತಾಳೆ.
ಕೊನೆಯದನ್ನು ಮೇಜಿಗೆ ಕುಟ್ಟುತ್ತಾಳೆ, ಟಕ್ ಟಕ್.
ಹಿಟ್ಟು ಕುಸಿಯುತ್ತದೆ.
ಮತ್ತೆ ತುಂಬುತ್ತಾಳೆ, ಗೀರಿನ ತನಕ.

ಇದೊಂದನ್ನು ಯಾಕೆ?

ಕೈ ಒರೆಸಿಕೊಂಡಳು. ಒಲೆ ಸಣ್ಣ ಮಾಡಿದಳು.
ನೀನಿನ್ನೂ ತೊಟ್ಟಿಲಲ್ಲಿದ್ದೆ, ಕರೆಂಟಿಲ್ಲದ ಆ ಚಳಿಗಾಲ.
ಬ್ರೆಡ್ಡಿಗೆ ಬೆಳಗಿನ ನಾಲ್ಕಕ್ಕೇ ಸಾಲು.
ನಮ್ಮ ಮೆಟ್ಟಿಲಿಗೆ ಹದಿನೈದು ಮನೆ, ಹದಿನೈದಕ್ಕೂ ಇದೊಂದೇ ಲೋಟ.
ಯಾರ ಮನೆಗೆ ಹಿಟ್ಟು ಬಂದರೂ ಇದು ಮೆಟ್ಟಿಲು ಹತ್ತಬೇಕು.
ಕಡ ಕೊಡುವಾಗ ಸಡಿಲ, ತೀರಿಸುವಾಗ ಕುಟ್ಟಿ.
ಹಾಗೆಂದು ಯಾರೂ ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.
ಸಡಿಲವೆಂದರೆ ಮೋಸವಲ್ಲ ಮಾರಾಯ,
ಇನ್ನೊಂದು ಮನೆಗೆ ಮುಟ್ಟಲಿ ಅಂತ.

ಮೂರನೆಯ ಮಹಡಿಯ ಲಮಾರಾ ಮಾತ್ರ
ಕೊಡುವಾಗಲೇ ಕುಟ್ಟಿದಳು.
ಮೇಣದಬತ್ತಿಯ ಬೆಳಕಲ್ಲಿ, ನನ್ನ ಮುಖ ನೋಡದೆ, ಟಕ್ ಟಕ್.
ಅವಳಿಗೂ ಇಬ್ಬರು ಮಕ್ಕಳು.

ತೀರಿಸೋಣವೆಂದು ಹೋದಾಗ ಬಾಗಿಲಿಗೆ ಬೀಗ.
ಗ್ರೀಸಿಗೆ, ಯಾರದೋ ಮುದುಕಿಯನ್ನು ನೋಡಿಕೊಳ್ಳುವ ಕೆಲಸಕ್ಕೆ.
ಕಾಗದ ಬರಲಿಲ್ಲ. ಬಂದಿದ್ದರೂ
ಹಿಟ್ಟನ್ನು ಲಕೋಟೆಯಲ್ಲಿ ಹಾಕಿ ಕಳಿಸುವುದೇ?

ಒಲೆಯ ಮೇಲೆ ಏನೋ ಉಕ್ಕಿತು. ಬೈದುಕೊಂಡು ಓಡಿದಳು.

ಶುಕ್ರವಾರ ಹೂಗುಚ್ಛ, ಫೋಟೋ, ಹೆಡ್‌ಮಾಸ್ತರರ ಎರಡು ಮಾತು.
ಲೋಟ ಬಂದ ಹಾಗೇ ಕೈಚೀಲದಲ್ಲಿ ಹೊರಟುಹೋಯಿತು.
ನನಗೆ ಬಿಡುತ್ತಾಳೆಂದುಕೊಂಡಿದ್ದೆ. ಬಿಡಲಿಲ್ಲ.

ರಾತ್ರಿ ಕಾರ್ಡು ತುಂಬಲು ಕೂತೆ.
ಹನ್ನೊಂದು ನೂರ ಹತ್ತಲೆ, ಮೇಲೆ ನೂರ ಮೂವತ್ತಮೂರು.
ಅಳೆದೂ ತೂಗಿ ಬರೆದೆ:
ಹಿಟ್ಟು, ಒಂದು ಸಾವಿರದ ಮುನ್ನೂರ ನಲವತ್ತಮೂರು ಗ್ರಾಂ.

ತಪಾಸಣೆಗೆ ಬಂದ ಹುಡುಗಿ ಪೆನ್ನಿನ ತುದಿ ಅಲ್ಲೇ ಊರಿದಳು.
ಸಾವಿರದ ಮುನ್ನೂರ ಐವತ್ತು ಎಂದು ದುಂಡಾಗಿ ಬರೆಯಬಹುದಲ್ಲ ಸರ್?
ಅಥವಾ ಮುನ್ನೂರು?

ತಕ್ಕಡಿ ಅಷ್ಟೇ ತೋರಿಸಿತು ಎಂದೆ.